106 ಪಂದ್ಯ ಎಸೆದ ಕೈ ಯಾರದ್ದು? ಬೇಸ್‌ಬಾಲ್‌ನ ರಿಲೀವರ್ ಎಂಬ ಕಾರ್ಮಿಕನ ಕಥೆ

1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಆಡಿದ್ದು 162 ಲೀಗ್ ಪಂದ್ಯ. ಅದರಲ್ಲಿ 106 ಪಂದ್ಯಗಳಲ್ಲಿ ಒಬ್ಬರೇ ಪಿಚರ್ ಮೈದಾನಕ್ಕಿಳಿದು ಚೆಂಡು ಎಸೆದರು. ಹೆಸರು ಮೈಕ್ ಮಾರ್ಷಲ್. ಅದೇ ವರ್ಷ ಸತತ 13 ಪಂದ್ಯಗಳಲ್ಲೂ ಎಸೆದರು. ಐವತ್ತು ವರ್ಷ ಕಳೆದರೂ ಆ 106ರ ಹತ್ತಿರ ಯಾರೂ ಸುಳಿದಿಲ್ಲ. ಬೇರೆಯವರಲ್ಲಿ ಅತಿ ಹೆಚ್ಚು ಅಂದ್ರೆ 94. ಈಗಿನ ಬೇಸ್‌ಬಾಲ್ ನಡೆಯುವ ರೀತಿ ನೋಡಿದರೆ ಇನ್ನು ಮುಂದೆಯೂ ಯಾರೂ ಮುರಿಯಲ್ಲ.

ಇದು ಕ್ರೀಡಾಪುಟದ ವಿಷಯ, ಇಲ್ಲಿ ಯಾಕೆ ಅಂತ ನೀವು ಕೇಳಬಹುದು. ಮಾರ್ಷಲ್ ಬರೀ ಗಟ್ಟಿ ಕೈಯಿನ ಆಟಗಾರ ಆಗಿದ್ದರೆ ನಾನೂ ಬರೆಯುತ್ತಿರಲಿಲ್ಲ. ಅವರು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ದೇಹದ ಚಲನೆಯ ವಿಜ್ಞಾನ ಓದಿ ಪಿಎಚ್‌.ಡಿ. ಪಡೆದವರು. ತಂಡದಲ್ಲಿ ಆಟಗಾರರ ಯೂನಿಯನ್ ಪ್ರತಿನಿಧಿಯೂ ಆಗಿದ್ದರು. ತನ್ನ ಕೈ ಹೇಗೆ ಕೆಲಸ ಮಾಡುತ್ತೆ ಅಂತ ತಂಡದ ಕೋಚ್‌ಗಿಂತ ಚೆನ್ನಾಗಿ ಗೊತ್ತಿದ್ದ ಕಾರ್ಮಿಕ, ಅದನ್ನು ಜೋರಾಗಿ ಹೇಳಿದಾಗ ಏನಾಯ್ತು ಅನ್ನೋದು ಇಲ್ಲಿನ ಕಥೆ. ಆಮೇಲೆ, ಅವರ ಮಾತು ಯಾರೂ ಕೇಳದೆ ಇದ್ದಿದ್ದರಿಂದ ಅಲ್ಲಿನ ಕೈಗಳಿಗೆ ಈಗ ಏನಾಗುತ್ತಿದೆ ಅನ್ನೋದೂ ಇದೆ.

ಬುಲ್‌ಪೆನ್ ಅಂದ್ರೆ ಏನು?

ಬೇಸ್‌ಬಾಲ್ ನೋಡದವರಿಗಾಗಿ ಸ್ವಲ್ಪ. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಪ್ರತಿ ಇನಿಂಗ್ಸ್‌ನಲ್ಲೂ ಎರಡೂ ತಂಡಗಳು ಸರದಿಯಂತೆ ಬ್ಯಾಟ್ ಮಾಡುತ್ತವೆ, ಮೂರು ಔಟ್ ಆದರೆ ಸರದಿ ಮುಗೀತು. ಪಿಚರ್ ಅಂದ್ರೆ ನಮ್ಮ ಬೌಲರ್ ಥರ, ಆದರೆ ಓಡಿ ಬರೋ ಹಾಗಿಲ್ಲ. ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, ಸುಮಾರು 18.4 ಮೀಟರ್ ದೂರದ ಬ್ಯಾಟರ್ ಕಡೆಗೆ, ಚೆಂಡು ನೆಲಕ್ಕೆ ಬೀಳದ ಹಾಗೆ ಎಸೆಯಬೇಕು. ಓಟದಿಂದ ಸಿಗುವ ವೇಗ ಇಲ್ಲ. ಕಾಲು, ಸೊಂಟ, ಭುಜ, ಮೊಣಕೈ, ಮಣಿಕಟ್ಟು ಇವುಗಳ ಮೂಲಕ ಹರಿದು ಬಂದ ಶಕ್ತಿಯೇ ಎಲ್ಲ.

ಪಂದ್ಯ ಶುರು ಮಾಡುವ ಪಿಚರ್‌ಗೆ ಸ್ಟಾರ್ಟರ್ ಅಂತಾರೆ. ಆತ ಸುಸ್ತಾದಾಗ ಅಥವಾ ಹೊಡೆಸಿಕೊಂಡಾಗ ಬದಲಿಗೆ ಬರುವವರು ರಿಲೀವರ್. ಕ್ರಿಕೆಟ್ಟಿನಲ್ಲಿ ಬೌಲರ್‌ಗೆ ಒಂದು ಸ್ಪೆಲ್ ಮುಗಿಸಿ ವಿಶ್ರಾಂತಿ ಪಡೆದು ಮತ್ತೆ ಬರಬಹುದು. ಇಲ್ಲಿ ಹಾಗಿಲ್ಲ, ಒಮ್ಮೆ ಹೊರಗೆ ಹೋದವರಿಗೆ ಆ ಪಂದ್ಯಕ್ಕೆ ವಾಪಸ್ ಪ್ರವೇಶವಿಲ್ಲ. ಹಾಗಾಗಿ ರಿಲೀವರ್‌ಗಳ ದೊಡ್ಡ ಗುಂಪೇ ಬೇಕು. ಅವರು ಕೂತು ಕಾಯುವ, ಕೈ ಬಿಸಿ ಮಾಡಿಕೊಳ್ಳುವ ಜಾಗಕ್ಕೆ ಬುಲ್‌ಪೆನ್ ಅಂತ ಹೆಸರು. ಅಲ್ಲೊಂದು ಫೋನ್ ಇರುತ್ತದೆ. ಮ್ಯಾನೇಜರ್ ಫೋನ್ ಮಾಡಿದರೆ ಎದ್ದು ಎಸೆಯಲು ಶುರು ಮಾಡಬೇಕು. ಎಷ್ಟೋ ಸಲ ಪೂರ್ತಿ ತಯಾರಾದ ಮೇಲೆ 'ಬೇಡ, ಕೂತ್ಕೋ' ಅನ್ನುತ್ತಾರೆ. ಆ ಎಸೆತಗಳು ಯಾವ ದಾಖಲೆಯಲ್ಲೂ ಬರಲ್ಲ, ಕೈಗೆ ಮಾತ್ರ ಲೆಕ್ಕ ಸಿಗುತ್ತದೆ. ಆರ್ಡರ್ ಬರೋವರೆಗೂ ಗಾಡಿ ಪಕ್ಕ ಕಾಯುವ ಡೆಲಿವರಿ ಹುಡುಗರನ್ನು ನೋಡಿದವರಿಗೆ ಈ ವ್ಯವಸ್ಥೆ ಅರ್ಥ ಆಗೋದು ಕಷ್ಟವಲ್ಲ.

ಬಹಳ ಕಾಲ ರಿಲೀವರ್ ಅಂದ್ರೆ ಸ್ಟಾರ್ಟರ್ ಆಗಲು ಯೋಗ್ಯತೆ ಇಲ್ಲದವ ಅಂತಲೇ ಲೆಕ್ಕ. ಮಾರ್ಷಲ್ ಅದನ್ನು ಬದಲಿಸಿದರು. 1974ರಲ್ಲಿ 208 ಇನಿಂಗ್ಸ್‌ಗೂ ಹೆಚ್ಚು ಎಸೆದರು, ಅಷ್ಟೂ ರಿಲೀವರ್ ಆಗಿಯೇ. ಅದು ಇವತ್ತಿನ ಬಹುತೇಕ ಸ್ಟಾರ್ಟರ್‌ಗಳೂ ಒಂದು ಸೀಸನ್‌ನಲ್ಲಿ ಮುಟ್ಟದ ಸಂಖ್ಯೆ. ಪಿಚರ್‌ಗಳಿಗೆ ಕೊಡುವ ಅತಿ ದೊಡ್ಡ ಗೌರವ ಸೈ ಯಂಗ್ ಪ್ರಶಸ್ತಿ, ಅದನ್ನು ಗೆದ್ದ ಮೊದಲ ರಿಲೀವರ್ ಅವರೇ. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ಓಕ್ಲೆಂಡ್ ವಿರುದ್ಧ ನಡೆದ ಐದೂ ಪಂದ್ಯಗಳಲ್ಲಿ ಎಸೆದರು. ಸರಣಿ ಮಾತ್ರ ಓಕ್ಲೆಂಡ್ ಪಾಲಾಯಿತು, ಐದನೇ ಪಂದ್ಯದಲ್ಲಿ ಜೋ ರೂಡಿ ಹೊಡೆದ ನಿರ್ಣಾಯಕ ಹೋಮ್ ರನ್ ಮಾರ್ಷಲ್ ಎಸೆತದಲ್ಲೇ ಬಂತು.

ಒಂದೇ ತಂಡದ ಮೂರು ಕೈಗಳು

1974ರ ಆ ಡಾಡ್ಜರ್ಸ್ ತಂಡದ ಪಿಚರ್‌ಗಳ ಪಟ್ಟಿ ನೋಡಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯ್ತು. ಇಡೀ ಆಟದ ಮುಂದಿನ ಐವತ್ತು ವರ್ಷದ ಚರಿತ್ರೆ ಆ ಒಂದು ಡ್ರೆಸ್ಸಿಂಗ್ ರೂಮಿನಲ್ಲಿ ಕೂತಿತ್ತು.

ಒಬ್ಬರು ಟಾಮಿ ಜಾನ್, ಎಡಗೈ ಸ್ಟಾರ್ಟರ್. 13 ಗೆಲುವು, 3 ಸೋಲಿನೊಂದಿಗೆ ಒಳ್ಳೇ ಓಟದಲ್ಲಿದ್ದಾಗ ಜುಲೈನಲ್ಲಿ ಮೊಣಕೈಯ ಲಿಗಮೆಂಟ್ ಹರಿದುಹೋಯಿತು. ಅಲ್ಲಿಯವರೆಗೆ ಹಾಗಾದರೆ ವೃತ್ತಿ ಮುಗಿದಂತೆಯೇ. ತಂಡದ ವೈದ್ಯ ಫ್ರಾಂಕ್ ಜೋಬ್ ಸೆಪ್ಟೆಂಬರ್ 25ರಂದು ಜಾನ್ ಅವರ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಯಲ್ಲಿ ಹೊಲಿದರು. ಯಶಸ್ಸಿನ ಸಾಧ್ಯತೆ ನೂರಕ್ಕೆ ಒಂದು ಅಂತ ಅವರೇ ಹೇಳಿದ್ದರು. ಜಾನ್ 1976ಕ್ಕೆ ವಾಪಸ್ ಬಂದು, 1989ರಲ್ಲಿ 46ನೇ ವಯಸ್ಸಿನವರೆಗೂ ಆಡಿದರು. ಆ ಶಸ್ತ್ರಚಿಕಿತ್ಸೆಗೆ ಇವತ್ತು ಅವರದ್ದೇ ಹೆಸರು: ಟಾಮಿ ಜಾನ್ ಸರ್ಜರಿ.

ಇನ್ನೊಬ್ಬರು ಆಂಡಿ ಮೆಸ್ಸರ್‌ಸ್ಮಿತ್. ಆ ವರ್ಷದ ಸೈ ಯಂಗ್ ಮತದಾನದಲ್ಲಿ ಮಾರ್ಷಲ್ ನಂತರದ ಸ್ಥಾನ ಅವರದ್ದು. ಬೇಸ್‌ಬಾಲ್ ಒಪ್ಪಂದಗಳಲ್ಲಿ ಆಗ 'ರಿಸರ್ವ್ ಷರತ್ತು' ಅಂತ ಒಂದಿತ್ತು. ಒಪ್ಪಂದ ಮುಗಿದ ಮೇಲೂ ತಂಡ ಒಂದು ವರ್ಷಕ್ಕೆ ನವೀಕರಿಸಬಹುದು ಅನ್ನೋದು ಅದರ ಮಾತು. ಆ ಒಂದು ವರ್ಷ ಮುಗಿದರೆ ಮತ್ತೊಂದು, ಆಮೇಲೆ ಮತ್ತೊಂದು ಅಂತ ಮಾಲೀಕರು ಓದಿಕೊಂಡಿದ್ದರು. ಅಂದರೆ ಮೊದಲ ಸಹಿ ಹಾಕಿದ ದಿನವೇ ಆಟಗಾರ ಜೀವಮಾನಕ್ಕೆ ಆ ತಂಡದ ಸ್ವತ್ತು; ಮಾರಬಹುದು, ಬದಲಾಯಿಸಿಕೊಳ್ಳಬಹುದು, ಬಿಟ್ಟುಹೋಗುವ ಹಕ್ಕು ಮಾತ್ರ ಆತನಿಗಿಲ್ಲ. ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರ ಇದರ ವಿರುದ್ಧ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1972ರಲ್ಲಿ 5-3ರಿಂದ ಸೋತಿದ್ದರು, ತಮ್ಮ ವೃತ್ತಿಯನ್ನೂ ಕಳೆದುಕೊಂಡಿದ್ದರು. ಮೆಸ್ಸರ್‌ಸ್ಮಿತ್ 1975ರ ಇಡೀ ಸೀಸನ್ ಹೊಸ ಒಪ್ಪಂದಕ್ಕೆ ಸಹಿ ಹಾಕದೆ ಆಡಿದರು. ಡಿಸೆಂಬರ್ 23ರಂದು ಮಧ್ಯಸ್ಥಗಾರ ಪೀಟರ್ ಸೈಟ್ಸ್, ಒಂದು ವರ್ಷ ಅಂದರೆ ಒಂದೇ ವರ್ಷ ಅಂತ ತೀರ್ಪು ಕೊಟ್ಟರು. ಮಾಲೀಕರು ತಕ್ಷಣ ಸೈಟ್ಸ್ ಅವರನ್ನು ಕೆಲಸದಿಂದ ತೆಗೆದರು, ಆದರೆ ತೀರ್ಪು ನಿಂತಿತು. ಮರುವರ್ಷ ಅಟ್ಲಾಂಟಾ ತಂಡಕ್ಕೆ ಹೋದ ಮೆಸ್ಸರ್‌ಸ್ಮಿತ್‌ಗೆ ಮಾಲೀಕ ಟೆಡ್ ಟರ್ನರ್ 17ನೇ ನಂಬರಿನ ಅಂಗಿ ಕೊಟ್ಟು, ಹೆಸರಿನ ಜಾಗದಲ್ಲಿ 'ಚಾನೆಲ್' ಅಂತ ಬರೆಸಿದ್ದರು. ಟರ್ನರ್ ಅವರ ಟಿವಿ ಸ್ಟೇಷನ್ ಚಾನೆಲ್ 17ರಲ್ಲಿ ಬರುತ್ತಿತ್ತು! ಲೀಗ್ ಅದನ್ನು ನಿಲ್ಲಿಸಿತು. ಸ್ವತಂತ್ರನಾದ ಆಟಗಾರನ ಬೆನ್ನು ಜಾಹೀರಾತು ಫಲಕ ಆಗಿದ್ದು ನೋಡಿದರೆ ನಗು ಬರುತ್ತೆ, ಆದರೆ ಸಂಬಳದ ಲೆಕ್ಕದಲ್ಲಿ ತಮಾಷೆ ಇಲ್ಲ. 1976ರಲ್ಲಿ ಸರಾಸರಿ ಸಂಬಳ ಸುಮಾರು 51,000 ಡಾಲರ್ ಇತ್ತು, 1980ರ ಹೊತ್ತಿಗೆ 1,43,000 ದಾಟಿತ್ತು.

ಮೂರನೆಯವರು ಮಾರ್ಷಲ್. ಒಬ್ಬರಿಂದ ಹರಿದ ಕೈ ಹೊಲಿಯುವ ವಿದ್ಯೆ ಬಂತು, ಇನ್ನೊಬ್ಬರಿಂದ ಕೈಗೆ ಬೆಲೆ ಕೇಳುವ ಹಕ್ಕು ಬಂತು. ಎರಡನ್ನೂ ಬೇಸ್‌ಬಾಲ್ ಒಪ್ಪಿಕೊಂಡಿತು. ಕೈ ಹರಿಯದ ಹಾಗೆ ಎಸೆಯೋದು ಹೇಗೆ ಅಂತ ಮಾರ್ಷಲ್ ಹೇಳಿದ್ದನ್ನು ಮಾತ್ರ ಪರೀಕ್ಷಿಸಿ ನೋಡುವ ತಾಳ್ಮೆಯೂ ತೋರಿಸಲಿಲ್ಲ.

ಸ್ಕ್ರೂ ಸಡಿಲಿಸುವ ದಿಕ್ಕು

ಮಾರ್ಷಲ್ ಹುಟ್ಟಿದ್ದು 1943ರಲ್ಲಿ, ಮಿಶಿಗನ್‌ನ ಏಡ್ರಿಯನ್ ಊರಲ್ಲಿ. 11ನೇ ವಯಸ್ಸಿನಲ್ಲಿ ಅವರಿದ್ದ ಕಾರಿಗೆ ರೈಲು ಗುದ್ದಿ ಚಿಕ್ಕಪ್ಪ ತೀರಿಕೊಂಡರು, ಹುಡುಗನ ಬೆನ್ನಿಗೆ ಪೆಟ್ಟಾಯಿತು. 1960ರಲ್ಲಿ ಫೀಲ್ಡರ್ ಆಗಿ ಸೇರಿದವರು ಪಿಚರ್ ಆಗಿದ್ದು ಆ ಬೆನ್ನುನೋವಿನ ಕಾರಣಕ್ಕೆ. ಆಟದ ಬಿಡುವಿನ ತಿಂಗಳುಗಳಲ್ಲಿ ಕಾಲೇಜಿಗೆ ಹೋಗಿ 1965ರಲ್ಲಿ ಪದವಿ, 1967ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಡುತ್ತಾ ಆಡುತ್ತಲೇ 1978ರಲ್ಲಿ ಡಾಕ್ಟರೇಟ್. ಹೈಸ್ಪೀಡ್ ಕ್ಯಾಮೆರಾದಲ್ಲಿ ತನ್ನ ಎಸೆತವನ್ನೇ ಚಿತ್ರೀಕರಿಸಿ, ಒಂದೊಂದು ಫ್ರೇಮ್ ನೋಡಿ ಎಸೆಯುವ ರೀತಿ ತಿದ್ದಿಕೊಂಡರು. ಈಗ ಎಷ್ಟೋ ತಂಡಗಳಲ್ಲಿ ಇದಕ್ಕೆ ಲ್ಯಾಬ್ ಇದೆ. ಅವರು ಮಾಡಿದ್ದು 1967ರಲ್ಲಿ, ಒಬ್ಬರೇ.

ಮೊಣಕೈಯೊಳಗೆ ಏನಾಗುತ್ತೆ ಅಂತ ಸ್ವಲ್ಪ ನೋಡೋಣ. ನಾನು ಓದಿದ್ದು ಎಂಜಿನಿಯರಿಂಗ್, ಈ ಭಾಗ ಬಿಟ್ಟು ಮುಂದೆ ಹೋಗಲು ಮನಸ್ಸು ಬರಲ್ಲ. ಎಸೆಯುವಾಗ ಭುಜ ಮುಂದೆ ನುಗ್ಗುತ್ತದೆ, ಮುಂಗೈ ಮತ್ತು ಚೆಂಡು ಹಿಂದೆ ಉಳಿಯುತ್ತವೆ. ಆ ಕ್ಷಣ ಮೊಣಕೈಯ ಒಳಬದಿ ಬಾಯಿ ಬಿಡಲು ನೋಡುತ್ತದೆ. ಅದನ್ನು ಹಿಡಿದಿಡೋದು ಒಂದು ಸಣ್ಣ ಲಿಗಮೆಂಟ್. ವೇಗದ ಒಂದು ಎಸೆತದಲ್ಲಿ ಅಲ್ಲಿ ಬೀಳುವ ತಿರುಚು ಬಲ, ಲಿಗಮೆಂಟ್ ಒಂದೇ ತಡೆದುಕೊಳ್ಳುವ ಮಿತಿಗಿಂತ ಹೆಚ್ಚು ಅಂತ ಲ್ಯಾಬ್ ಅಧ್ಯಯನಗಳು ತೋರಿಸಿವೆ. ಉಳಿದ ಭಾರ ಹೊರೋದು ಸುತ್ತಲಿನ ಸ್ನಾಯುಗಳು. ಸ್ನಾಯು ದಣಿದರೆ ಭಾರ ಲಿಗಮೆಂಟಿಗೆ ವರ್ಗವಾಗುತ್ತದೆ. ಲೋಹದ ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಹೋದರೆ ಒಂದು ದಿನ ಪಟ್ ಅಂತ ಮುರಿಯುತ್ತಲ್ಲ, ಅದೇ ಕಥೆ. ಮೆಕ್ಯಾನಿಕಲ್ ಓದಿದವರಿಗೆ ಎಸ್-ಎನ್ ಕರ್ವ್ ನೆನಪಾಗಬಹುದು: ಪ್ರತಿ ಸಲದ ಹೊರೆ ಮಿತಿಗೆ ಹತ್ತಿರವಾದಷ್ಟೂ ಬದುಕುವ ಸುತ್ತುಗಳ ಸಂಖ್ಯೆ ಭಾರೀ ವೇಗದಲ್ಲಿ ಕುಸಿಯುತ್ತದೆ. ಲೋಹಕ್ಕೂ ಮೈಗೂ ಇರುವ ದೊಡ್ಡ ವ್ಯತ್ಯಾಸ ಅಂದ್ರೆ ಮೈಗೆ ಬಿಡುವು ಸಿಕ್ಕರೆ ರಿಪೇರಿ ಆಗುತ್ತದೆ. ಬಿಡುವು ಸಿಗಬೇಕು, ಅಷ್ಟೇ.

ಮಾರ್ಷಲ್ ವಾದ ಏನಿತ್ತು? ಬಲಗೈಯಲ್ಲಿ ಸ್ಕ್ರೂ ಬಿಗಿ ಮಾಡುವಾಗ ಮುಂಗೈ ತಿರುಗುವ ದಿಕ್ಕಿನಲ್ಲೇ ಹೆಚ್ಚಿನ ಪಿಚರ್‌ಗಳು ಕರ್ವ್ ಎಸೆಯುತ್ತಾರೆ, ಅದರಿಂದ ಮೊಣಕೈ ಹಾಳಾಗುತ್ತೆ. ಬದಲಿಗೆ ಸ್ಕ್ರೂ ಸಡಿಲಿಸುವ ದಿಕ್ಕಿನಲ್ಲಿ, ಹೆಬ್ಬೆರಳು ಕೆಳಗೆ ಬರುವಂತೆ ಮುಂಗೈ ತಿರುಗಿಸಿದರೆ ಒಳಬದಿಯ ಸ್ನಾಯುಗಳು ಬಿಗಿದು ಲಿಗಮೆಂಟನ್ನು ಕಾಯುತ್ತವೆ. ಅವರ ಮುಖ್ಯ ಅಸ್ತ್ರ ಸ್ಕ್ರೂಬಾಲ್ ಹುಟ್ಟೋದು ಹೀಗೆ. ಬೇರೆಯವರ ಕರ್ವ್ ಹೋಗುವುದಕ್ಕೆ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಹೆಚ್ಚುಕಮ್ಮಿ ನಮ್ಮ ಗೂಗ್ಲಿ ಥರ. (ಅದೇ ವರ್ಷಗಳಲ್ಲಿ ಇಲ್ಲಿ ಬಿ.ಎಸ್. ಚಂದ್ರಶೇಖರ್, ಪೋಲಿಯೊ ತಗುಲಿದ್ದ ಬಲಗೈಯಲ್ಲೇ ಜಗತ್ತಿನ ಬ್ಯಾಟ್ಸ್‌ಮನ್‌ಗಳನ್ನು ಕಂಗೆಡಿಸುತ್ತಿದ್ದರು. ಪಠ್ಯಪುಸ್ತಕ ಹೇಳುವ ಕೈ ಒಂದೇ ಅಲ್ಲ ಅಂತ ನಮಗಂತೂ ಗೊತ್ತಿರಬೇಕು.) ಜೊತೆಗೆ ಕೈಯನ್ನು ಬೆನ್ನ ಹಿಂದೆ ದೊಡ್ಡದಾಗಿ ಸುತ್ತಿಸಬಾರದು, ಬಲವನ್ನೆಲ್ಲ ಬ್ಯಾಟರ್ ಕಡೆಗೇ ನೇರ ರೇಖೆಯಲ್ಲಿ ಹಾಕಬೇಕು ಅಂತಲೂ ಹೇಳುತ್ತಿದ್ದರು. ನ್ಯೂಟನ್ ನಿಯಮಗಳನ್ನು ಬಾಯಿತುಂಬ ಹೇಳುವ ಪಿಚರ್!

ಕೋಚ್‌ಗಳಿಗೆ ಇದು ಹಿಡಿಸಲಿಲ್ಲ. 1967ರಲ್ಲಿ ಡೆಟ್ರಾಯಿಟ್ ಪರ ಚೆನ್ನಾಗಿ ಎಸೆದರೂ ಮರುವರ್ಷ ಪೂರ್ತಿ ಕೆಳಗಿನ ಲೀಗ್‌ನಲ್ಲಿ ಕಳೆದರು. 1969ರಲ್ಲಿ ಸಿಯಾಟಲ್‌ನಲ್ಲಿ ಜಿಮ್ ಬೌಟನ್ ಅವರ ಸಹ ಆಟಗಾರ; ಬೌಟನ್ 1970ರಲ್ಲಿ ಪ್ರಕಟಿಸಿದ 'ಬಾಲ್ ಫೋರ್' ಡೈರಿಯಲ್ಲಿ ಮಾರ್ಷಲ್ ಕೂಡ ಬರುತ್ತಾರೆ. ಕೊನೆಗೆ ಮಾಂಟ್ರಿಯಲ್‌ನಲ್ಲಿ ಜೀನ್ ಮೌಕ್ ಎಂಬ ಮ್ಯಾನೇಜರ್, ನಿನಗೆ ಸರಿ ಕಂಡ ಹಾಗೆ ಎಸಿ ಅಂತ ಬಿಟ್ಟರು. 1973ರಲ್ಲಿ 92 ಪಂದ್ಯ ಎಸೆದು ದಾಖಲೆ ಮಾಡಿದರು, ಮರುವರ್ಷ ಡಾಡ್ಜರ್ಸ್‌ಗೆ ಹೋಗಿ ತಾವೇ ಅದನ್ನು ಮುರಿದರು.

ಮಾರ್ಷಲ್ ಹೇಳಿದ್ದೆಲ್ಲ ಸತ್ಯ ಅಂತ ನಾನು ವಾದಿಸುತ್ತಿಲ್ಲ. 1975ರಲ್ಲಿ ಪಕ್ಕೆಲುಬಿನ ಬಳಿ ಪೆಟ್ಟಾಗಿ ಅವರು ಎಸೆದ ಪಂದ್ಯಗಳು ತುಂಬಾ ಕಡಿಮೆಯಾದವು. ಬೆನ್ನು, ಮಂಡಿ ಕಾಡಿದವು. ಒಬ್ಬ ಮನುಷ್ಯನ ಕೈ ಸರಿ ಉಳಿಯಿತು ಅಂದ ಮಾತ್ರಕ್ಕೆ ಸಿದ್ಧಾಂತ ಸಾಬೀತಾಗಲ್ಲ, ಸ್ಯಾಂಪಲ್ ಸೈಜ್ ಒಂದು. ಅವರ ಮಾತಿನ ಧಾಟಿಯೂ ಎದುರಿಗಿರುವವರು ದಡ್ಡರು ಅನ್ನೋ ಥರ ಇತ್ತು. ಆದರೆ 36ನೇ ವಯಸ್ಸಿನಲ್ಲಿ, 1979ರಲ್ಲಿ, ಮಿನೆಸೋಟಾ ಟ್ವಿನ್ಸ್ ಪರ ಅವರು 90 ಪಂದ್ಯ ಎಸೆದಿದ್ದಾರೆ. ಕೋಟಿಗಟ್ಟಲೆ ಡಾಲರ್ ಹಾಕುವ ಉದ್ಯಮಕ್ಕೆ ಕನಿಷ್ಠ ಕುತೂಹಲ ಹುಟ್ಟಬೇಕಿತ್ತು.

ಟ್ವಿನ್ಸ್ ಕೈಬಿಟ್ಟಿದ್ದು

ಕುತೂಹಲ ಹುಟ್ಟಲಿಲ್ಲ, ಹುಟ್ಟಿದ್ದು ಬೇರೆ. ಟ್ವಿನ್ಸ್ ಮಾಲೀಕ ಕ್ಯಾಲ್ವಿನ್ ಗ್ರಿಫಿತ್ ಹಳೇ ಕಾಲದ ಯಜಮಾನ. ತಂಡವನ್ನು ವಾಷಿಂಗ್ಟನ್‌ನಿಂದ ಮಿನೆಸೋಟಾಗೆ ತಂದಿದ್ದಕ್ಕೆ ಅಲ್ಲಿ ಕಪ್ಪು ಜನ ಕಡಿಮೆ ಇರೋದೂ ಕಾರಣ ಅಂತ 1978ರಲ್ಲಿ ಒಂದು ಸಭೆಯಲ್ಲಿ ಹೇಳಿ ಸಿಕ್ಕಿಬಿದ್ದವರು. ಅಂಥವರ ತಂಡದಲ್ಲಿ ಮಾರ್ಷಲ್ ಯೂನಿಯನ್ ಪ್ರತಿನಿಧಿ. 1980ರ ಮೇ ತಿಂಗಳಲ್ಲಿ ಆಟಗಾರರು ಮುಷ್ಕರದ ಅಂಚಿಗೆ ಬಂದಿದ್ದರು, ಕೊನೇ ಗಳಿಗೆಯಲ್ಲಿ ತಾತ್ಕಾಲಿಕ ಒಪ್ಪಂದವಾಯಿತು. ಜೂನ್‌ನಲ್ಲಿ ಟ್ವಿನ್ಸ್ ಮಾರ್ಷಲ್ ಅವರನ್ನು ಕೈಬಿಟ್ಟಿತು.

ಆ ವರ್ಷ ಅವರ ಅಂಕಿಅಂಶ ಕೆಟ್ಟದಾಗಿತ್ತು ಅನ್ನೋದು ನಿಜ, ಫಾರ್ಮ್ ಇಲ್ಲ ಅಂತ ಹೇಳಲು ತಂಡಕ್ಕೆ ಕಾಗದದ ಮೇಲೆ ಆಧಾರ ಇತ್ತು. ಯೂನಿಯನ್ ಕೆಲಸಕ್ಕೆ ಸಿಕ್ಕ ಶಿಕ್ಷೆ ಅಂತಲೇ ಮಾರ್ಷಲ್ ಹೇಳುತ್ತಾ ಬಂದರು. ನಾನು ಇಲ್ಲಿ ತೀರ್ಪು ಕೊಡಲ್ಲ, ಒಂದು ವಿಷಯ ಮಾತ್ರ ಗಮನಿಸಿ: ಹಿಂದಿನ ವರ್ಷವಷ್ಟೇ ಲೀಗಿನಲ್ಲಿ ಅತಿ ಹೆಚ್ಚು ಪಂದ್ಯ ಎಸೆದು 32 ಪಂದ್ಯ ಉಳಿಸಿಕೊಟ್ಟವರನ್ನು ಆ ಸೀಸನ್ನಿನ ಉಳಿದ ಅವಧಿಗೆ ಬೇರೆ ಯಾವ ತಂಡವೂ ಕರೆಯಲಿಲ್ಲ. 1981ರ ಬೇಸಿಗೆಯಲ್ಲಿ ಐವತ್ತು ದಿನ ನಡೆದ ಮುಷ್ಕರದಲ್ಲಿ 700ಕ್ಕೂ ಹೆಚ್ಚು ಪಂದ್ಯ ರದ್ದಾದವು. ಅದು ಮುಗಿದ ಮೇಲೆ ನ್ಯೂಯಾರ್ಕ್ ಮೆಟ್ಸ್ ಕರೆಯಿತು. 20 ಪಂದ್ಯ ಎಸೆದರು, ಚೆನ್ನಾಗಿಯೇ ಎಸೆದರು, ಅಲ್ಲಿಗೆ ವೃತ್ತಿ ಮುಗಿಯಿತು. ಫಾರ್ಮ್ ಕಾರಣವೋ ಯೂನಿಯನ್ ಕಾರಣವೋ ಎಂಬ ಗೊಂದಲದಲ್ಲೇ ಮಾಲೀಕರಿಗೆ ಅನುಕೂಲ ಇರೋದು. ಬೆಂಗಳೂರಿನ ಯಾವ ಐಟಿ ಕಂಪನಿಯಲ್ಲೂ 'ಯೂನಿಯನ್ ಮಾಡಿದ್ದಕ್ಕೆ ತೆಗೆದೆವು' ಅಂತ ಪತ್ರ ಕೊಡಲ್ಲ, 'ಪರ್ಫಾರ್ಮೆನ್ಸ್' ಅಂತ ಕೊಡ್ತಾರೆ.

ಸೇವ್ ಎಂಬ ಕೆಪಿಐ

ಆಮೇಲೆ ರಿಲೀವರ್ ಕೆಲಸವೇ ಬದಲಾಯಿತು, ಒಂದು ಅಂಕಿಯಿಂದ. ಶಿಕಾಗೋದ ಕ್ರೀಡಾ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್, ರಿಲೀವರ್‌ಗಳ ಕೆಲಸ ಯಾರೂ ಲೆಕ್ಕಕ್ಕೆ ಹಿಡಿಯಲ್ಲ ಅಂತ 'ಸೇವ್' ಎಂಬ ಲೆಕ್ಕ ಹುಟ್ಟುಹಾಕಿದರು. 1969ರಲ್ಲಿ ಅದು ಅಧಿಕೃತವಾಯಿತು. ಈಗಿನ ನಿಯಮ ಸ್ಥೂಲವಾಗಿ ಹೀಗಿದೆ: ತಂಡ ಮೂರು ಅಥವಾ ಕಡಿಮೆ ರನ್ನಿನಿಂದ ಮುಂದಿರುವಾಗ ಬಂದು, ಕೊನೆಯ ಒಂದು ಇನಿಂಗ್ಸ್ ಎಸೆದು ಗೆಲುವು ಕಾಪಾಡಿದರೆ ಒಂದು ಸೇವ್.

ಉದ್ದೇಶ ಒಳ್ಳೆಯದೇ. ಆದರೆ ಅಳೆದದ್ದಕ್ಕೇ ಸಂಬಳ ಸಿಗತೊಡಗಿತು, ಸಂಬಳ ಸಿಗುವ ಹಾಗೇ ಕೆಲಸ ರೂಪುಗೊಂಡಿತು. 1988ರಿಂದ ಓಕ್ಲೆಂಡ್ ಮ್ಯಾನೇಜರ್ ಟೋನಿ ಲಾ ರುಸಾ ತಮ್ಮ ಉತ್ತಮ ರಿಲೀವರ್ ಡೆನ್ನಿಸ್ ಎಕರ್ಸ್ಲಿಯನ್ನು ಹೆಚ್ಚಾಗಿ ಒಂಬತ್ತನೇ ಇನಿಂಗ್ಸ್‌ಗೇ ಮೀಸಲಿಟ್ಟರು, ಎಲ್ಲರೂ ನಕಲು ಮಾಡಿದರು. ಒಂಬತ್ತನೆಯದಕ್ಕೆ ಒಬ್ಬ, ಎಂಟನೆಯದಕ್ಕೆ ಒಬ್ಬ, ಎಡಗೈ ಬ್ಯಾಟರ್ ಬಂದರೆ ಇನ್ನೊಬ್ಬ. ಮಾರ್ಷಲ್ ಥರ ಎರಡೆರಡು ಇನಿಂಗ್ಸ್ ಲೆಕ್ಕ ಹಾಕಿಕೊಂಡು ಎಸೆಯುವ ಜಾಗದಲ್ಲಿ, ಹದಿನೈದು-ಇಪ್ಪತ್ತು ಚೆಂಡು ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಎಸೆದು ಹೋಗುವ ಕೆಲಸ ಬಂತು. ಯಾಂಕೀಸ್‌ನ ಮರಿಯಾನೊ ರಿವೇರಾ 1995ರಿಂದ 2013ರವರೆಗೆ ಆಡಿ 652 ಸೇವ್ ಮಾಡಿದರು, 2019ರಲ್ಲಿ ಹಾಲ್ ಆಫ್ ಫೇಮ್‌ಗೆ ಒಂದೂ ವಿರುದ್ಧ ಮತ ಇಲ್ಲದೆ ಆಯ್ಕೆಯಾದರು. ಆದರೆ ರಿವೇರಾ ಇಡೀ ಬುಲ್‌ಪೆನ್‌ನ ಪ್ರತಿನಿಧಿ ಅಂತ ತಿಳಿಯೋದು, ಸುಂದರ್ ಪಿಚೈ ನೋಡಿ ಐಟಿ ಉದ್ಯೋಗ ಅರ್ಥ ಮಾಡಿಕೊಂಡ ಹಾಗೆ.

ಬುಲ್‌ಪೆನ್‌ನ ನಿಜವಾದ ಮುಖ ನನಗೆ ಕಂಡಿದ್ದು ಪೆಡ್ರೊ ಫೆಲಿಸಿಯಾನೊ ಕಥೆಯಲ್ಲಿ. ಪೋರ್ಟೊ ರಿಕೊದ ಎಡಗೈ ರಿಲೀವರ್, ಮೆಟ್ಸ್ ಆಟಗಾರ. 2008ರಲ್ಲಿ 86, 2009ರಲ್ಲಿ 88, 2010ರಲ್ಲಿ 92 ಪಂದ್ಯ, ಮೂರೂ ವರ್ಷ ಲೀಗಿನಲ್ಲೇ ಅತಿ ಹೆಚ್ಚು. ಆಮೇಲೆ ಯಾಂಕೀಸ್ ಎರಡು ವರ್ಷಕ್ಕೆ 80 ಲಕ್ಷ ಡಾಲರ್ ಕೊಟ್ಟು ಕರೆದುಕೊಂಡಿತು. ಅಷ್ಟರಲ್ಲಿ ಭುಜ ಹೋಗಿತ್ತು. ಯಾಂಕೀಸ್ ಪರ ಮುಖ್ಯ ಲೀಗ್‌ನಲ್ಲಿ ಒಂದು ಚೆಂಡೂ ಎಸೆಯಲಾಗಲಿಲ್ಲ. ಯಾಂಕೀಸ್‌ನ ಜನರಲ್ ಮ್ಯಾನೇಜರ್, ಮೆಟ್ಸ್‌ನವರು ಆತನನ್ನು ದುರುಪಯೋಗ ಮಾಡಿದ್ದಾರೆ ಅಂದರು. ಮೆಟ್ಸ್‌ನ ಪಿಚಿಂಗ್ ಕೋಚ್ ಕೊಟ್ಟ ಉತ್ತರದ ಸಾರಾಂಶ ಕೇಳಿ: ಪ್ರತಿದಿನ ಆತನನ್ನು ಕೇಳಿದೆವು, ಪ್ರತಿದಿನ ಎಸೀತೀನಿ ಅಂದ; ಮೂರು ವರ್ಷದಲ್ಲಿ 266 ಸಲ ಬಳಸಿದ್ದೇವೆ ಅಂತ ಗೊತ್ತಿದ್ದಿದ್ದೂ ಆತನನ್ನು ಮತ್ತೆ ಸೇರಿಸಿಕೊಳ್ಳದಿರಲು ಒಂದು ಕಾರಣ.

ಇನ್ನೊಂದು ಸಲ ಓದಿ. ಬಳಸಿ ಸವೆಸಿದ್ದು ನಾವೇ, ಸವೆದಿದೆ ಅಂತ ಗೊತ್ತಿರೋದರಿಂದ ನಾವು ಕೊಳ್ಳಲಿಲ್ಲ. ಸಮ್ಮತಿ ಇತ್ತಲ್ಲ ಅನ್ನೋದು ವಾದ. ಎಸೀತೀನಿ ಅನ್ನದ ರಿಲೀವರ್‌ಗೆ ಏನಾಗುತ್ತೆ ಅಂತ ಫೆಲಿಸಿಯಾನೊಗೆ ಗೊತ್ತಿರಲಿಲ್ಲವೇ? ತಂಡದ ಬಳಿ 'ಆಪ್ಷನ್' ಎಂಬ ಹಕ್ಕು ಇರುತ್ತದೆ, ಅದಿರುವ ಆಟಗಾರನನ್ನು ಕೆಳಗಿನ ಲೀಗ್‌ಗೆ ಕಳಿಸಿ ತಾಜಾ ಕೈಯನ್ನು ಕರೆಸಿಕೊಳ್ಳಬಹುದು. ಕೆಳಗೆ ಹೋದರೆ ಸಂಬಳ ಹಲವು ಪಟ್ಟು ಕಡಿಮೆ, ಸೇವಾ ದಿನಗಳ ಲೆಕ್ಕವೂ ನಿಲ್ಲುತ್ತದೆ. 172 ದಿನ ಸೇರಿದರೆ ಒಂದು ವರ್ಷದ ಸೇವೆ, ಆರು ವರ್ಷ ಆದರೇ ಸ್ವತಂತ್ರವಾಗಿ ತಂಡ ಹುಡುಕುವ ಹಕ್ಕು. ಮೆಸ್ಸರ್‌ಸ್ಮಿತ್ ಗೆದ್ದುಕೊಟ್ಟ ಹಕ್ಕು ತಲುಪುವ ಮೊದಲೇ ಎಷ್ಟೋ ರಿಲೀವರ್‌ಗಳ ಕೈ ಮುಗಿದಿರುತ್ತದೆ. ಒಂದು ಸೀಸನ್‌ನಲ್ಲಿ ಒಬ್ಬರನ್ನು ಐದಕ್ಕಿಂತ ಹೆಚ್ಚು ಸಲ ಹೀಗೆ ಕಳಿಸಬಾರದು ಅನ್ನೋ ಮಿತಿ ಬಂದಿದ್ದು 2022ರಲ್ಲಿ, ಯೂನಿಯನ್ ಚೌಕಾಸಿಯಿಂದ.

ಕೆಳಗಿನ ಲೀಗ್‌ಗಳ ಆಟಗಾರರಿಗಂತೂ 2022ರವರೆಗೆ ಯೂನಿಯನ್ನೇ ಇರಲಿಲ್ಲ. 2023ರಲ್ಲಿ ಅವರ ಮೊದಲ ಒಪ್ಪಂದವಾದಾಗ, ಮುಖ್ಯ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿರುವ ಟ್ರಿಪಲ್-ಎ ಆಟಗಾರರ ಕನಿಷ್ಠ ಸಂಬಳ ವರ್ಷಕ್ಕೆ 17,500ರಿಂದ 35,800 ಡಾಲರ್‌ಗೆ ಏರಿತು. ಸಂಘಟಿತರಾಗಿ ಒಂದು ವರ್ಷದೊಳಗೆ ದುಪ್ಪಟ್ಟು. ಯೂನಿಯನ್‌ನಿಂದ ಏನು ಸಿಗುತ್ತೆ ಅಂತ ಕೇಳುವವರಿಗೆ ಈ ಅಂಕಿ ಕಳಿಸಿ.

ವೇಗದ ಬೆಲೆ

2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯೇ ಪಿಚರ್‌ಗಳ ಗಾಯದ ಬಗ್ಗೆ ಒಂದು ದೊಡ್ಡ ವರದಿ ತಂದಿತು. ಸರಾಸರಿ ಫಾಸ್ಟ್‌ಬಾಲ್ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ಕ್ಕೆ 94.2 ಮೈಲಿ ಆಗಿದೆ, ಅಂದರೆ ಸುಮಾರು 147ರಿಂದ 152 ಕಿಲೋಮೀಟರ್. ಮುಖ್ಯ ಮತ್ತು ಕೆಳಗಿನ ಲೀಗ್‌ಗಳು ಸೇರಿ ಮೊಣಕೈ ಲಿಗಮೆಂಟ್ ಶಸ್ತ್ರಚಿಕಿತ್ಸೆ 2010ರಲ್ಲಿ 104, 2024ರಲ್ಲಿ 281. ಹೆಚ್ಚು ವೇಗ, ಚೆಂಡಿಗೆ ಹೆಚ್ಚು ತಿರುವು, ಪ್ರತಿ ಎಸೆತಕ್ಕೂ ಪೂರ್ತಿ ಶಕ್ತಿ, ಇವೇ ಮುಖ್ಯ ಕಾರಣ ಅಂತ ತಜ್ಞರು ಹೇಳಿದ್ದನ್ನು ವರದಿ ದಾಖಲಿಸಿತು. ಶಾಲಾ ವಯಸ್ಸಿನ ಹುಡುಗರೂ ವೇಗದ ಹಿಂದೆ ಬಿದ್ದು ಮೊಣಕೈ ಕಳೆದುಕೊಳ್ಳುತ್ತಿದ್ದಾರೆ ಅಂತಲೂ ಹೇಳಿತು.

ಕೊನೆಯ ಮಾತು ಓದಿದಾಗ ಮಾರ್ಷಲ್ ನೆನಪಾಗದೆ ಇರಲ್ಲ. ಅವರ ಪಿಎಚ್‌.ಡಿ. ವಿಷಯವೇ ಹದಿಹರೆಯದ ಹುಡುಗರನ್ನು ಹುಟ್ಟಿದ ವರ್ಷದಿಂದ ಅಳೆಯಬೇಕೋ, ಮೂಳೆ ಬಲಿತ ಮಟ್ಟದಿಂದ ಅಳೆಯಬೇಕೋ ಅನ್ನೋದು. ಒಂದೇ ವಯಸ್ಸಿನ ಇಬ್ಬರು ಹುಡುಗರ ಮೂಳೆಯ ವಯಸ್ಸಿನಲ್ಲಿ ಎರಡು-ಮೂರು ವರ್ಷ ವ್ಯತ್ಯಾಸ ಇರಬಹುದು. ಮೊಣಕೈಯ ಮೂಳೆ ಬಲಿಯುವ ಮುಂಚೆ ಮಕ್ಕಳಿಂದ ಸ್ಪರ್ಧೆಯಲ್ಲಿ ಜಾಸ್ತಿ ಎಸೆಸಬೇಡಿ ಅಂತ ಅವರು ದಶಕಗಟ್ಟಲೆ ಹೇಳಿದರು. ಆಟೋಗ್ರಾಫ್ ಕೇಳುವ ಮಕ್ಕಳಿಗೆ ಸಹಿ ಹಾಕಲು ನಿರಾಕರಿಸುತ್ತಿದ್ದರು. ನಿಮ್ಮ ಹೀರೋ ಆಗಬೇಕಾದವರು ನಿಮ್ಮ ಟೀಚರ್ ಅನ್ನೋದು ಅವರ ನಿಲುವು.

ನಮ್ಮಲ್ಲೂ ಇದರ ಸಣ್ಣ ರೂಪ ಇದೆ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಜಸ್‌ಪ್ರೀತ್ ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಆಡ್ತಾರೆ ಅಂತ ಮೊದಲೇ ತೀರ್ಮಾನವಾಗಿತ್ತು. ಬೆನ್ನಿನ ಶಸ್ತ್ರಚಿಕಿತ್ಸೆ ಆದ ಬೌಲರ್. ಆದರೂ 'ಗಡಿಯಲ್ಲಿ ಸೈನಿಕರು ರಜೆ ಕೇಳ್ತಾರಾ' ಅನ್ನೋ ಧಾಟಿಯ ಮಾತುಗಳು ಹರಿದಾಡಿದವು. ಅದನ್ನು ಬರೆದವರಲ್ಲಿ ಎಷ್ಟು ಜನ ವಾರಕ್ಕೆ 70 ಗಂಟೆ ಕೆಲಸ ಮಾಡಿ ಅಂದಾಗ ಕೋಪ ಮಾಡಿಕೊಂಡಿದ್ದರೋ!

ನಿವೃತ್ತಿಯ ನಂತರ ಮಾರ್ಷಲ್‌ಗೆ ಯಾವ ಮೇಜರ್ ಲೀಗ್ ತಂಡವೂ ಪಿಚಿಂಗ್ ಕೋಚ್ ಕೆಲಸ ಕೊಡಲಿಲ್ಲ. ಕಾಲೇಜುಗಳಲ್ಲಿ ಕಲಿಸಿದರು. ಫ್ಲಾರಿಡಾದ ಜೆಫಿರ್‌ಹಿಲ್ಸ್‌ನಲ್ಲಿ ಸ್ವಂತ ತರಬೇತಿ ಕೇಂದ್ರ ಮಾಡಿಕೊಂಡರು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಎಲ್ಲೂ ಆಯ್ಕೆಯಾಗದ, ಕೈ ನೋವಿನಿಂದ ಬಳಲಿದ ಹುಡುಗರು. ಅವರ ಶಿಷ್ಯ ಜೆಫ್ ಸ್ಪಾರ್ಕ್ಸ್ 1999 ಮತ್ತು 2000ದಲ್ಲಿ ಟ್ಯಾಂಪಾ ಬೇ ತಂಡದ ಬುಲ್‌ಪೆನ್‌ವರೆಗೂ ತಲುಪಿದರು, ಹೆಚ್ಚು ಕಾಲ ಉಳಿಯಲಿಲ್ಲ. ಪಿಚಿಂಗ್ ಕಲಿಸುವ ತಮ್ಮ ಇಡೀ ಪುಸ್ತಕವನ್ನು ಮಾರ್ಷಲ್ ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕಿದರು. ಮಗನ ಮೊಣಕೈ ನೋಯುತ್ತೆ ಏನು ಮಾಡೋದು ಅಂತ ಅಪ್ಪಂದಿರು ಬರೆದು ಕೇಳಿದರೆ ಉತ್ತರಿಸುತ್ತಿದ್ದರು. 2021ರ ಮೇ 31ರಂದು, 78ನೇ ವಯಸ್ಸಿನಲ್ಲಿ, ಜೆಫಿರ್‌ಹಿಲ್ಸ್‌ನಲ್ಲೇ ತೀರಿಕೊಂಡರು.

ಮಾಲೀಕರು ಮತ್ತು ಆಟಗಾರರ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ತಂಡಗಳ ಸಂಬಳದ ಮೊತ್ತಕ್ಕೆ ಮಿತಿ ಹಾಕುವ ಮಾತು ಮಾಲೀಕರ ಕಡೆಯಿಂದ ಬರುತ್ತಿದೆ, ಯೂನಿಯನ್ ಮೊದಲಿನಿಂದಲೂ ಅದರ ವಿರುದ್ಧ. ಪತ್ರಿಕೆಗಳಲ್ಲಿ ಚರ್ಚೆ ಆಗುತ್ತಿರೋದು ಬಹುತೇಕ ಅದೇ. ಒಬ್ಬ ರಿಲೀವರ್‌ಗೆ ದಿನಕ್ಕೆ ಎಷ್ಟು ಸಲ ಬುಲ್‌ಪೆನ್‌ನಲ್ಲಿ ಎದ್ದು ಕೂರಿಸಬಹುದು, ಇವತ್ತು ಆಗಲ್ಲ ಅಂತ ಹೇಳಿದವರನ್ನು ಮರುದಿನ ಕೆಳಗೆ ಕಳಿಸಬಹುದೇ ಅನ್ನೋ ಪ್ರಶ್ನೆಗಳು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.